ನರಿ ಡಬ್ಬಿ

ಇವರು ಹೊಸ ತಂಬಾಕಿನ ಡಬ್ಬಿ ತಂದ ದಿನ ನಾನು ಅದನ್ನು ಬೂಟ್ ಪಾಲಿಶ್ ಎಂದುಕೊಂಡು ಚಪ್ಪಲಿ ಗೂಡಿನಲ್ಲಿ ಇಟ್ಟುಬಿಟ್ಟೆ. ತಪ್ಪು ನನ್ನದಲ್ಲ. ಮದುವೆಯಾದಾಗಿನಿಂದ ಈ ಮನೆಗೆ ಬಂದ ತಂಬಾಕು ಒಂದೇ ಒಂದು. ಕಂದು ಬಣ್ಣದ ಡಬ್ಬಿ, ಮುಚ್ಚಳದ ಮೇಲೆ ತಿರುಗಿ ನೋಡುತ್ತಿರುವ ಒಂದು ನರಿ. ಆ ನರಿಯನ್ನು ನೋಡಿ ನೋಡಿ ನನಗೆ ಅದು ಮನೆಯ ಸದಸ್ಯನೇ ಆಗಿಹೋಗಿತ್ತು. ಈಗ ಇದ್ದಕ್ಕಿದ್ದ ಹಾಗೆ ಹಸಿರು ಡಬ್ಬಿ, ಅದರ ಮೇಲೆ ಯಾರೋ ಮೀಸೆಯವನು.

ಇವರೆಂದರೆ ನನ್ನ ಗಂಡ. ಪಿಟೀಲು ಮಾಡುವುದು, ಮುರಿದ ಪಿಟೀಲು ರಿಪೇರಿ ಮಾಡುವುದು ಇವರ ಕಸುಬು. ಮನೆಯ ಮುಂದಿನ ಕೋಣೆಯೇ ನಮ್ಮ ಕಾರ್ಖಾನೆ. ಕಿಟಕಿಯ ಹತ್ತಿರ ಇವರ ಮೇಜು, ಒಳಗೋಡೆಯ ಹತ್ತಿರ ನನ್ನದು. ಕಮಾನುಗಳಿಗೆ ಕುದುರೆ ಕೂದಲು ಕಟ್ಟುವುದು ನನ್ನ ಕೆಲಸ. ಒದ್ದೆ ಮಾಡಿ, ಬಾಚಿ, ಒಂದೆಳೆಯೂ ಅಡ್ಡಬೀಳದ ಹಾಗೆ ಎಳೆದು ಕಟ್ಟಬೇಕು. ಇದನ್ನು ಕಲಿಸಿದ್ದು ನನ್ನ ಮಾವ. ಸಂಜೆ ಕೆಲಸ ಮುಗಿದ ಮೇಲೆ ಇವರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒಂದು ಪೈಪು ಸೇದುತ್ತಾರೆ. ಅದರ ಹೊಗೆ ಅಡುಗೆಮನೆಗೆ ಬಂದ ತಕ್ಷಣ ನಾನು "ಬಂತು ಸತ್ತ ನರಿ" ಎನ್ನಬೇಕು, ಇವರು ಅಲ್ಲಿಂದಲೇ "ಮೂಗಿಲ್ಲದವರಿಗೆ ಏನು ಗೊತ್ತಾಗುತ್ತೆ" ಎನ್ನಬೇಕು. ನಮ್ಮಿಬ್ಬರ ಸಂಸಾರದಲ್ಲಿ ಒಂದು ದಿನವೂ ತಪ್ಪದೆ ನಡೆದ ಮಾತುಕತೆ ಇದೊಂದೇ ಇರಬೇಕು.

ಹಸಿರು ಡಬ್ಬಿ ವಾರವೂ ಬಾಳಲಿಲ್ಲ. ಆಮೇಲೆ ಕೆಂಪು ಡಬ್ಬಿ ಬಂತು, ಆಮೇಲೆ ಕಾಗದದ ಪೊಟ್ಟಣದಲ್ಲಿ ಕಟ್ಟಿದ್ದು, ಆಮೇಲೆ ಹಲಗೆಯ ಹಾಗೆ ಒತ್ತಿ ಚಪ್ಪಟೆ ಮಾಡಿದ್ದು. ಪ್ರತಿಯೊಂದನ್ನೂ ಇವರು ಎರಡು ಮೂರು ಸಂಜೆ ಸೇದಿ, ಸಪ್ಪೆ ಎಂದು ಬದಿಗಿಟ್ಟರು. ಯಾಕ್ರೀ, ನರಿ ಏನು ಮಾಡಿತ್ತು ಎಂದು ಕೇಳಿದರೆ, ಮನುಷ್ಯನಿಗೆ ಬದಲಾವಣೆ ಬೇಡವೇ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಈ ಮನುಷ್ಯ ಬದಲಾವಣೆ ಬೇಡವೆಂದು ಗೋಡೆಯ ಸುಣ್ಣ ಉದುರಿದರೂ ಬಳಿಸದವರು. ಒಂದೇ ಕಡೆ ಕ್ಷೌರ, ಒಂದೇ ಬಣ್ಣದ ಅಂಗಿ, ಕೂರುವುದಕ್ಕೆ ಒಂದೇ ಸ್ಟೂಲು. ಅಂಥವರಿಗೆ ಈ ವಯಸ್ಸಿನಲ್ಲಿ ಬದಲಾವಣೆಯ ಹುಚ್ಚು ಹಿಡಿಯಿತು ಎಂದರೆ ನಂಬುವುದು ಹೇಗೆ?

ನಂಬಲಿಲ್ಲ, ಹೆದರಿದೆ. ಯಾಕೆಂದರೆ ಮಾವನೂ ಹೀಗೆಯೇ ಶುರು ಮಾಡಿದ್ದರು. ಮೊದಲು ಸೋಪು ಬದಲಾಯಿಸಿದರು. ಆಮೇಲೆ ಮನೆಗೆ ಬರುವ ದಾರಿ ಬದಲಾಯಿಸಿದರು, ಆಮೇಲೆ ಮನೆಯನ್ನೇ ಮರೆತರು. ಕೊನೆಯ ವರ್ಷ ನನ್ನ ಕೈಯಿಂದ ಕಮಾನು ಇಸಿದುಕೊಂಡು, ಇದನ್ನು ಕಟ್ಟಿದವರು ಯಾರು, ಒಳ್ಳೆಯ ಕೆಲಸಗಾರ, ಅವನನ್ನು ಕರೆಸು ಎಂದಿದ್ದರು. ಎದುರಿಗೆ ನಿಂತಿದ್ದ ನಾನು ಅಳಲೂ ಆಗದೆ ನಗಲೂ ಆಗದೆ ಒಳಗೆ ಹೋಗಿದ್ದೆ. ಆ ದಾರಿಯಲ್ಲಿ ಇವರೂ ಹೊರಟರೇ?

ನಾದಿನಿಗೆ ಫೋನ್ ಮಾಡಿದೆ. ಇವರ ತಂಗಿ, ಆಸ್ಪತ್ರೆಯೊಂದರಲ್ಲಿ ನರ್ಸು. ಸಮಾಧಾನ ಹೇಳುತ್ತಾಳೆ ಎಂದುಕೊಂಡರೆ ಅವಳು "ಅತ್ತಿಗೆ, ಅಪ್ಪಂದೂ ಹೀಗೇ ಶುರುವಾಗಿದ್ದು. ಅಣ್ಣನ ಮೇಲೆ ಒಂದು ಕಣ್ಣಿಟ್ಟಿರಿ" ಎಂದಳು. ಬೇರೆ ಏನು ಮರೆಯುತ್ತಾರೆ, ಸಿಟ್ಟು ಹೆಚ್ಚಾಗಿದೆಯೇ ಕಡಿಮೆಯಾಗಿದೆಯೇ, ಎಲ್ಲ ಗಮನಿಸಬೇಕಂತೆ.

ಅಲ್ಲಿಂದ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ. ಕೂದಲು ಬಾಚುತ್ತಾ ಸುಮ್ಮನೆ ಕೇಳಿದ ಹಾಗೆ, ನಮ್ಮ ಮೊದಲ ಬಾಡಿಗೆ ಮನೆಯ ಮಾಲೀಕನಿಗೆ ಎಷ್ಟು ಮಕ್ಕಳು ಎಂದು ಕೇಳುವುದು. ಇವರು ತಟ್ಟನೆ ಹೇಳುವರು, ಜೊತೆಗೆ ಆ ಮಾಲೀಕ ಮುಂಗಡ ವಾಪಸ್ಸು ಕೊಡದೆ ಸತಾಯಿಸಿದ್ದನ್ನೂ ಸೇರಿಸುವರು. ಹೋದ ವರ್ಷ ಕತ್ತು ಮುರಿದ ಪಿಟೀಲು ತಂದಿದ್ದವರು ಯಾರು ಎಂದರೆ ಅವರು ಹಾಕಿಕೊಂಡಿದ್ದ ಕೋಟಿನ ಗುಂಡಿಯವರೆಗೆ ಹೇಳುವರು. ಮೂರನೆಯ ಪ್ರಶ್ನೆಗೆ, ನಿನಗೇನು ಅರಳುಮರಳು ಶುರುವಾಯಿತೇ, ಎಲ್ಲವನ್ನೂ ನನ್ನನ್ನೇ ಕೇಳುತ್ತೀಯಲ್ಲ ಎಂದು ನನ್ನನ್ನೇ ಗದರಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಹಾಗಾದರೆ ನೆನಪು ಸರಿಯಾಗಿದೆ ಎಂದು ನಿಶ್ಚಿಂತೆಯಾಗಿ ಇರೋಣವೆಂದರೆ ಅದಕ್ಕೂ ಬಿಡಲಿಲ್ಲ. ಒಂದು ಬೆಳಿಗ್ಗೆ ಹಾಲು ಸೀದುಹೋಯಿತು. ನಾನು ಬೇರೆ ಹಾಲು ತರುವಷ್ಟರಲ್ಲಿ ಇವರು ಅದೇ ಹಾಲಿನ ಕಾಫಿ ಕುಡಿದು ಲೋಟ ತೊಳೆದಿಟ್ಟು ಕೆಲಸಕ್ಕೆ ಕೂತಿದ್ದರು. ಒಂದು ಮಾತಿಲ್ಲ. ಹಾಲು ತುಸು ಹೊತ್ತಿದ್ದರೂ ಬೀದಿಯ ತುದಿಯಲ್ಲೇ ಕಂಡುಹಿಡಿದು, ಮನೆಗೆ ಬಂದು ಪಾತ್ರೆಯ ಜಾತಕ ಬರೆಯುವ ಮನುಷ್ಯ! ಸಿಟ್ಟು ಕಡಿಮೆಯಾಗಿದೆಯೇ ಎಂದು ನಾದಿನಿ ಕೇಳಿದ್ದು ನೆನಪಾಯಿತು. ಗಂಡ ಸಿಡುಕಿದರೆ ಹೇಗೋ ತಡೆದುಕೊಳ್ಳಬಹುದು, ಇದ್ದಕ್ಕಿದ್ದ ಹಾಗೆ ಒಳ್ಳೆಯವನಾದರೆ ಏನು ಮಾಡುವುದು?

ಇದರ ನಡುವೆ ವಾರ್ನಿಷ್ ಬೇರೆ ಕೆಟ್ಟಿತು. ಇವರ ವಾರ್ನಿಷ್ಷಿಗೆ ಹೆಸರಿದೆ. ಪಿಟೀಲು ಎಲ್ಲರೂ ಮಾಡುತ್ತಾರೆ, ಆ ಬಣ್ಣ ಮಾತ್ರ ನಿಮ್ಮಲ್ಲೇ ಎಂದು ಹೇಳಿಕೊಂಡೇ ಜನ ಬರುತ್ತಾರೆ. ಅಗಸೆ ಎಣ್ಣೆ ಮತ್ತು ರಾಳವನ್ನು ಹಿತ್ತಿಲ ಶೆಡ್ಡಿನಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿ, ಸರಿಯಾದ ಗಳಿಗೆಯಲ್ಲಿ ಇಳಿಸಬೇಕು. ಮೊದಲೇ ಇಳಿಸಿದರೆ ಬಳಿದದ್ದು ತಿಂಗಳುಗಟ್ಟಲೆ ಒಣಗದೆ ಬೆರಳಿಗೆ ಅಂಟುತ್ತದೆ, ತಡವಾದರೆ ಪಾತ್ರೆಯೊಳಗೆ ಡಾಂಬರು. ಬೇರೆಯವರು ಶಾಖ ಅಳೆಯುವ ಕಡ್ಡಿ ಇಳಿಬಿಡುತ್ತಾರಂತೆ. ಒಂದೊಂದು ರಾಳದ ಸ್ವಭಾವ ಒಂದೊಂದು, ಕಡ್ಡಿಗೆ ಅದೇನು ಗೊತ್ತು ಎಂದು ಇವರು ಮೂಗಿನಿಂದಲೇ ಹದ ನೋಡುವವರು. ಮಾವನಿಂದ ಬಂದ ವಿದ್ಯೆ. ಅದಕ್ಕೇ ಕಾಯಿಸುವ ದಿನ ಶೆಡ್ಡಿನ ಹತ್ತಿರ ಯಾರೂ ಸುಳಿಯುವಂತಿಲ್ಲ. ನನ್ನ ತಲೆಗೆಣ್ಣೆಯ ವಾಸನೆಯೂ ಅಡ್ಡ ಬರುತ್ತದಂತೆ. ಆ ಸಲ ಮುಂದಿನ ಕೋಣೆಯಲ್ಲಿದ್ದ ನನಗೇ ಸುಟ್ಟ ವಾಸನೆ ಬಡಿಯಿತು. ಪಕ್ಕದ ಮನೆಯವರು ಟಯರು ಸುಡುತ್ತಿದ್ದಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಇವರು ಮಸಿಯಾದ ಪಾತ್ರೆ ಹಿಡಿದು ಬಂದು, ಎಣ್ಣೆಯವನು ಮೋಸ ಮಾಡಿದ್ದಾನೆ ಎಂದಷ್ಟೇ ಹೇಳಿ ಅದನ್ನು ಕಸಕ್ಕೆ ಹಾಕಿದರು. ಸಂಗೀತದ ಮೇಷ್ಟ್ರೊಬ್ಬರ ಹೊಸ ಪಿಟೀಲು ಬಣ್ಣವಿಲ್ಲದೆ ಬಿಳಿಚಿಕೊಂಡು ಗೋಡೆಯ ಮೊಳೆಯಲ್ಲಿ ನೇತಾಡುತ್ತಲೇ ಇತ್ತು. ಅವರು ಬಂದಾಗಲೆಲ್ಲ ಇವರು ಒಂದೊಂದು ನೆಪ ಹೇಳಿ ಕಳಿಸುತ್ತಿದ್ದರು.

ಇಷ್ಟರಲ್ಲಿ ಒಂದು ಮಧ್ಯಾಹ್ನ ಇವರು ಅಂಗಿ ಬದಲಾಯಿಸಿಕೊಂಡು ಬಂದು, ನಡಿ, ತಂಬಾಕಿನ ಅಂಗಡಿಗೆ ಹೋಗಿ ಬರೋಣ, ಈ ಸಲ ನೀನೇ ಆರಿಸು ಎಂದರು. ನಾನು ಕೈಯಲ್ಲಿದ್ದ ಬಾಚಣಿಗೆ ಕೆಳಗಿಡುವುದನ್ನೂ ಮರೆತೆ. ಈ ಮನುಷ್ಯ ನನ್ನ ಅಭಿಪ್ರಾಯ ಕೇಳಿದ್ದು ಒಂದೇ ಸಲ, ಮದುವೆಗೆ ಒಪ್ಪಿಗೆಯೇ ಎಂದು. ಅದನ್ನೂ ಕೇಳಿದ್ದು ಇವರಮ್ಮ.

ಅಂಗಡಿ ಎರಡು ಬೀದಿ ಆಚೆ, ಬೀಗದ ರಿಪೇರಿಯವನ ಪಕ್ಕದಲ್ಲಿ. ಒಳಗೆ ಕಾಲಿಟ್ಟದ್ದು ನಾನು ಅದೇ ಮೊದಲು. ಕಿರಿದಾದ ಕೋಣೆ, ಗೋಡೆಯುದ್ದಕ್ಕೂ ಗಾಜಿನ ಜಾಡಿಗಳು, ಒಳಗೆ ಬೇರೆ ಬೇರೆ ಕಂದು ಬಣ್ಣದ ಎಲೆಚೂರು. ತಂಬಾಕಿನವರು ತೆಳ್ಳಗೆ ಬಾಗಿದ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ಹಾಕಿಕೊಂಡಿದ್ದರು. ನನ್ನನ್ನು ನೋಡಿ ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟರು. ಇವರು ಮೂಲೆಯಲ್ಲಿ ಕೈಕಟ್ಟಿ ನಿಂತರು, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ.

ತಂಬಾಕಿನವರು ಒಳ್ಳೆಯ ಮೇಷ್ಟ್ರಾಗಬಹುದಿತ್ತು. ಬಿಸಿಲಲ್ಲಿ ಒಣಗಿಸಿದ ಎಲೆ ಬೇರೆ, ಸೌದೆಯ ಹೊಗೆಯಲ್ಲಿ ಹದ ಮಾಡಿದ ಎಲೆ ಬೇರೆ, ಹಣ್ಣಿನ ರಸ ಚಿಮುಕಿಸಿದ್ದು ಬೇರೆ, ಯಾವುದನ್ನು ಯಾವುದರ ಜೊತೆ ಎಷ್ಟು ಬೆರೆಸುತ್ತಾರೆ ಎಂಬುದರಲ್ಲೇ ಎಲ್ಲ ಇರುವುದು ಎಂದು ವಿವರಿಸಿದರು. ಹೊಸಬರು ಸೌಮ್ಯವಾದದ್ದರಿಂದ ಶುರು ಮಾಡಬೇಕಂತೆ. ಡಬ್ಬಿಯಲ್ಲಿ ಇರುವ ವಾಸನೆಯೇ ಹೊಗೆಯಲ್ಲೂ ಬರುತ್ತದೆಂದು ನಂಬಬಾರದಂತೆ. ಮೂಗು ದಣಿದರೆ ನಿಮ್ಮ ತೋಳನ್ನೇ ಒಮ್ಮೆ ಮೂಸಿಕೊಳ್ಳಿ, ಮತ್ತೆ ಹೊಸದಾಗುತ್ತದೆ ಎಂದರು. ನಾನು ಸೀರೆಯ ಸೆರಗು ಸರಿಮಾಡಿಕೊಂಡು, ಮೊಣಕೈ ಮೂಸುತ್ತಾ ಕೂತೆ. ಅಲ್ಲಿಗೆ ಯಾರಾದರೂ ಪರಿಚಯದವರು ಬಂದಿದ್ದರೆ ನನಗೇ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ಮೊದಲನೆಯ ಜಾಡಿ ಮೂಸಿ, ಹುಲ್ಲಿನ ವಾಸನೆ ಎಂದೆ. ಮೂಲೆಯಿಂದ ಇವರು, "ಹುಲ್ಲು ಅಂದ್ರೆ? ಹಸಿದಾ, ಒಣಗಿದ್ದಾ?" ಎಂದರು. ಒಣಗಿದ್ದು, ಆದರೆ ಬಿಸಿಲಲ್ಲಿ ಇನ್ನೂ ಬೆಚ್ಚಗಿರುವುದು ಎಂದೆ. ಇವರು ತಲೆಯಾಡಿಸಿದರು. ಎರಡನೆಯದು ಚೆರ್ರಿ ಹಣ್ಣಿನದು. ಅತ್ತರು ಹಾಕಿಕೊಂಡು ಹೊರಟ ಮುದುಕಿಯ ಹಾಗಿದೆ ಎಂದೆ. ಮೂರನೆಯದನ್ನು ಮೂಸಿದಾಗ ಉರಿಯುವ ಸೌದೆಗೆ ನೀರು ಹೊಯ್ದ ವಾಸನೆ, ಅದರ ಹಿಂದೆ ತೊಗಲು. "ತೊಗಲು ಮೊದಲು ಬರುತ್ತಾ, ಸೌದೆ ಮೊದಲು ಬರುತ್ತಾ?" ಎಂದರು ಇವರು. ಸೌದೆ ಮೊದಲು, ತೊಗಲು ಆಮೇಲೆ ಉಳಿಯುತ್ತದೆ ಎಂದೆ. ಜೀವಮಾನದಲ್ಲಿ ಇವರು ನನ್ನ ಒಂದು ಮಾತನ್ನು ಇಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಸಂತೋಷಪಡಬೇಕೋ, ಇದೂ ಆ ಕಾಯಿಲೆಯ ಲಕ್ಷಣವೋ ತಿಳಿಯದೆ ಇನ್ನೊಂದು ಜಾಡಿ ತೆಗೆದುಕೊಂಡೆ.

ಹೀಗೇ ಮೂಸುತ್ತಾ ಹೋಗಿ ಕೊನೆಯ ಸಾಲಿನ ಒಂದು ಜಾಡಿಗೆ ಬಂದಾಗ ನನಗೆ ರೇಗಿತು. ಇದನ್ನು ಆಗಲೇ ತೋರಿಸಿದ್ದೀರಲ್ಲ, ಆ ಸೌದೆ ತೊಗಲಿನದೇ ಇದು, ಒಂದನ್ನೇ ಎರಡು ಜಾಡಿಯಲ್ಲಿ ಹಾಕಿ ಎರಡು ಚೀಟಿ ಅಂಟಿಸಿದ್ದೀರಾ ಎಂದೆ. ತಂಬಾಕಿನವರು ಕನ್ನಡಕ ತೆಗೆದು ಒರೆಸತೊಡಗಿದರು. ಇವರ ಕಡೆ ನೋಡಿದರು. ಇವರ ಮುಖದಲ್ಲಿ ಎಂಥ ಸಂತೋಷ! ಮೊದಲ ಪಿಟೀಲು ಮಾರಾಟವಾದ ದಿನ ನೋಡಿದ್ದೆ ಆ ಮುಖವನ್ನು. ಅಂಗಡಿಯವನು ಮೋಸ ಮಾಡುತ್ತಿದ್ದರೆ ಈ ಮನುಷ್ಯ ಯಾಕೆ ಹಿಗ್ಗಬೇಕು? ಚೆರ್ರಿಯ ಡಬ್ಬಿಯೊಂದನ್ನು ಕೊಂಡು, ನನ್ನ ಕೈ ಹಿಡಿದು ರಸ್ತೆ ದಾಟಿಸಿ ಮನೆಗೆ ಕರೆತಂದರು. ರಸ್ತೆಯಲ್ಲಿ ಕೈ ಹಿಡಿಯುವುದು ಇವರ ಜಾಯಮಾನದಲ್ಲೇ ಇಲ್ಲ.

ಇನ್ನು ತಡೆಯಲಾಗಲಿಲ್ಲ, ಒಂದು ಉಪಾಯ ಮಾಡಿದೆ. ಹಳೆಯ ನರಿ ಡಬ್ಬಿಯಲ್ಲಿ ಅರ್ಧ ಉಳಿದದ್ದನ್ನು ನಾನು ಎತ್ತಿಟ್ಟಿದ್ದೆ. ಚೆರ್ರಿಯ ಡಬ್ಬಿ ಖಾಲಿ ಮಾಡಿ ಅದರಲ್ಲಿ ನರಿ ತುಂಬಿಸಿದೆ. ಎರಡೂ ಒಂದೇ ಥರ ಸಣ್ಣಗೆ ಹೆಚ್ಚಿದ್ದು, ಬಣ್ಣವೂ ಹೆಚ್ಚುಕಡಿಮೆ ಒಂದೇ. ತಲೆ ಸರಿಯಾಗಿದ್ದರೆ ಮೊದಲ ದಮ್ಮಿಗೇ ಕಂಡುಹಿಡಿದು ನನ್ನನ್ನು ಬೈಯುತ್ತಾರೆ, ಬೈದರೆ ಸಾಕು ಎಂದುಕೊಂಡೆ.

ಸಂಜೆ ಇವರು ಮೆಟ್ಟಿಲ ಮೇಲೆ ಕೂತು ಪೈಪು ಹಚ್ಚಿದರು. ಅಡುಗೆಮನೆ ತುಂಬ ಸತ್ತ ನರಿ. ನಾನು ಬಾಗಿಲಿಗೆ ಬಂದು, ಹೊಸದು ಹೇಗಿದೆ ಎಂದು ಕೇಳಿದೆ. ಇವರು ಇನ್ನೊಂದು ದಮ್ಮು ಎಳೆದು, "ಚೆರ್ರಿ ಚೆನ್ನಾಗಿ ಬರ್ತಿದೆ. ನೀನಂದ ಹಾಗೇ ಇದೆ, ಅತ್ತರು ಮುದುಕಿ" ಎಂದು ನಕ್ಕರು.

ನಾನು ಒಳಗೆ ಬಂದು ನಲ್ಲಿಯ ಕೆಳಗೆ ಕೈ ಹಿಡಿದು ಸುಮ್ಮನೆ ನಿಂತೆ. ಅರ್ಧ ಆಯುಷ್ಯ ಸೇದಿದ ತಂಬಾಕನ್ನೇ ಗುರುತಿಸದವರು ನಾಳೆ ನನ್ನನ್ನು ಗುರುತಿಸುತ್ತಾರೆಯೇ? ಮಾವನ ಹಾಗೆ ಒಂದು ದಿನ ಕಮಾನು ಹಿಡಿದು, ಇದನ್ನು ಕಟ್ಟಿದವರು ಯಾರು ಎಂದು ಕೇಳುತ್ತಾರೆ. ನಾದಿನಿಗೆ ಹೇಳಿದೆ. ಅವಳು ಅಳುತ್ತಲೇ, ತಲೆಯ ಡಾಕ್ಟರನ್ನು ಗೊತ್ತುಮಾಡುತ್ತೇನೆ, ಹೇಗಾದರೂ ಮಾಡಿ ಕರೆದುಕೊಂಡು ಬನ್ನಿ ಎಂದಳು. ಹೇಗೆ ಕರೆದುಕೊಂಡು ಹೋಗುವುದು? ನಿಮಗೆ ಅಪ್ಪನ ಕಾಯಿಲೆ ಬಂದಿದೆ ಎಂದು ಗಂಡನಿಗೆ ಹೇಳುವ ಬಾಯಿ ಯಾರಿಗಿದೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಎರಡು ದಿನ ಮಾತು ಹುಡುಕಿದೆ, ಸಿಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಇವರೇ ನನ್ನ ಮೇಜಿನ ಹತ್ತಿರ ಬಂದರು. ಇವತ್ತು ವಾರ್ನಿಷ್ ಕಾಯಿಸುತ್ತೇನೆ, ನೀನು ಕೂದಲ ಗಂಟು ತೆಗೆದುಕೊಂಡು ಶೆಡ್ಡಿಗೆ ಬಾ, ಅಲ್ಲೇ ಕೂತು ಬಾಚು, ಬೆಳಕು ಚೆನ್ನಾಗಿದೆ ಎಂದರು. ಶೆಡ್ಡಿನಲ್ಲಿ ಬೆಳಕೆಲ್ಲಿದೆ? ಒಂದೇ ಒಂದು ಕಿಟಕಿ, ಅದಕ್ಕೂ ಜೇಡರ ಬಲೆ. ಮೇಲಾಗಿ ಕಾಯಿಸುವಾಗ ನಾನು ಅಲ್ಲಿಗೆ! ತಾವೇ ಮಾಡಿದ ಕಟ್ಟಳೆಯೂ ಮರೆತುಹೋಯಿತು ಎಂದುಕೊಂಡು, ಎದುರಾಡದೆ ಹೋದೆ.

ತಲೆಗೆ ಎಣ್ಣೆ ಹಾಕಿಲ್ಲ ತಾನೇ ಎಂದು ಬಾಗಿಲಲ್ಲೇ ಕೇಳಿದರು. ಹಾಕಿರಲಿಲ್ಲ. ಅಂದರೆ ಕಟ್ಟಳೆ ಮರೆತಿರಲಿಲ್ಲ. ನನಗೆ ಏನೂ ಅರ್ಥವಾಗದೆ ಸ್ಟೂಲಿನ ಮೇಲೆ ಕೂತೆ. ಇವರು ಪಾತ್ರೆ ಇಟ್ಟು, ಪಕ್ಕದಲ್ಲಿ ಮರಳಿನ ಬಕೆಟ್ಟು, ಉರಿ ಹತ್ತಿದರೆ ಮುಚ್ಚಲು ತಗಡು, ಎಲ್ಲ ಜೋಡಿಸಿದರು. ಎಣ್ಣೆ ಬಿಸಿಯಾಯಿತು, ರಾಳ ಕರಗಿತು. ಏನಾದರೂ ವಾಸನೆ ಬರುತ್ತಿದೆಯೇ ಎಂದರು. ಬೀಜ ಹುರಿದ ಹಾಗೆ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಈಗ ಮರ ಕೊಯ್ದ ಹಾಗಿದೆ ಎಂದೆ. ಇವರು ಕೋಲಿನಿಂದ ಕಲಕುತ್ತಾ, ಆ ಮರಕ್ಕೆ ಸಿಹಿ ಬಂದಾಗ ಹೇಳು, ಹಳೆಯ ಮರದ ಪೆಟ್ಟಿಗೆ ತೆರೆದಾಗ ಬರುತ್ತದಲ್ಲ, ಹಾಗೆ ಎಂದರು. ಆಡುವ ಮಾತು ಆಟದ ಹಾಗಿದ್ದರೂ ಹಣೆಯಲ್ಲಿ ಬೆವರು ಹನಿಗಟ್ಟಿತ್ತು.

ಸಿಹಿ ಬಂತು. ಹೇಳೋಣವೆಂದು ತಲೆ ಎತ್ತಿದವಳು ಹಾಗೆಯೇ ಇವರ ಮುಖ ನೋಡುತ್ತಾ ಉಳಿದೆ. ಪಾತ್ರೆಯ ಮೇಲೆ ಬಾಗಿ, ಮೂಗಿಗೆ ಆವಿ ಬಡಿಯುವಷ್ಟು ಹತ್ತಿರ ಇದ್ದರು. ಆ ಸಿಹಿ ಶೆಡ್ಡನ್ನೆಲ್ಲ ತುಂಬಿತ್ತು, ನನ್ನ ಗಂಟಲಿಗೇ ಇಳಿದಿತ್ತು. ಇವರು ಮಾತ್ರ ಬಾಗಿಲು ತಟ್ಟಿ ಒಳಗಿನವರು ತೆರೆಯಲಿ ಎಂದು ಕಾಯುವವರ ಹಾಗೆ ನಿಂತಿದ್ದರು. ಸಿಹಿಯ ಅಂಚಿನಲ್ಲಿ ಒಂದು ಕಹಿ ಎಳೆ ಸೇರಿತು. ಆಗಲೂ ಇವರು ಕದಲಲಿಲ್ಲ.

"ರೀ, ಇಳಿಸಿ" ಎಂದೆ.

ಇವರು ಯಾಕೆ ಎಂದು ಕೇಳಲಿಲ್ಲ. ಆ ಕ್ಷಣವೇ ಎರಡು ಕೈಯಲ್ಲಿ ಬಟ್ಟೆ ಹಿಡಿದು ಪಾತ್ರೆ ಇಳಿಸಿದರು. ಮದುವೆಯಾದಾಗಿನಿಂದ ನಾನು ಹೇಳಿದ್ದಕ್ಕೆ ಯಾಕೆ ಎಂದು ಕೇಳದೆ ಇವರು ಮಾಡಿದ ಕೆಲಸ ಅದೊಂದೇ. ಆಗ ನನಗೆ ಗೊತ್ತಾಯಿತು. ಹಾಲು, ಟಯರು, ಚೆರ್ರಿ, ಎಲ್ಲವೂ ಒಟ್ಟಿಗೇ ಗೊತ್ತಾದವು.

"ಯಾವಾಗಿಂದ?" ಎಂದೆ.

"ಹಸಿರು ಡಬ್ಬಿಗೆ ಮುಂಚೆ ನೆಗಡಿ ಜ್ವರ ಬಂದು ಮಲಗಿದ್ನಲ್ಲ. ಜ್ವರ ಬಿಡ್ತು, ಇದು ವಾಪಸ್ ಬರ್ಲಿಲ್ಲ." ಇವರು ಪಾತ್ರೆಯ ಕಡೆಗೇ ನೋಡುತ್ತಿದ್ದರು. "ಮರದ ಡಿಪೋಗೆ ಅಂತ ಹೇಳಿ ಡಾಕ್ಟರ ಹತ್ರ ಹೋಗಿದ್ದೆ. ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂದ್ರು."

"ಅಷ್ಟೇನಾ? ಬರೀ ಮೂಗಾ?"

ಕೇಳಿದವಳೇ ನಕ್ಕುಬಿಟ್ಟೆ. ಎದೆಯ ಮೇಲಿನ ಚಪ್ಪಡಿ ಕಲ್ಲು ಎತ್ತಿದ ಹಾಗಾಗಿ, ತಡೆಯಲಾರದೆ, ಕೂದಲ ಗಂಟು ಮಡಿಲಿಂದ ಜಾರಿ ಬೀಳುವಷ್ಟು ನಕ್ಕೆ. ಕಣ್ಣಲ್ಲಿ ನೀರು ಬಂತು. ನಗು ಇಳಿದ ಮೇಲೆ ನೋಡುತ್ತೇನೆ, ಇವರ ಮುಖ ಬಿಳಿಚಿಕೊಂಡಿದೆ. ಕೈ ಮುರಿದವನ ಎದುರು ನಿಂತು ನಕ್ಕ ಹಾಗೆ ಆಗಿತ್ತು ಅದು. ಗಾಬರಿಯಾಗಿ, ನಾನು ಹೆದರಿದ್ದೇನು, ನಾದಿನಿ ಹೇಳಿದ್ದೇನು, ಡಬ್ಬಿಯಲ್ಲಿ ನರಿ ತುಂಬಿಸಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಮಾವನ ಕಾಯಿಲೆ ಅಲ್ಲವಲ್ಲ, ಅಷ್ಟು ಸಾಕು ನನಗೆ ಎಂದೆ.

ಇವರು ಕೋಲನ್ನು ಪಾತ್ರೆಗೆ ಅಡ್ಡ ಇಟ್ಟು ಹೇಳಿದರು:

"ಅಪ್ಪಂಗೆ ಏನು ಹೋಯ್ತು ಅನ್ನೋದೇ ಮರೆತುಹೋಗಿತ್ತು. ನಂಗೆ ಎಲ್ಲಾ ನೆನಪಿದೆ ಕಣೇ."

ಇವರಿಗೆ ಹೋದದ್ದು ಏನು ಎಂದು ಆ ಮಾತು ಕೇಳಿದ ಮೇಲೆಯೇ ನನಗೆ ತಿಳಿದದ್ದು. ತಂಬಾಕು, ಹಾಲು ಹಾಗಿರಲಿ. ಮಾವ ಕೊಟ್ಟಿದ್ದ ವಿದ್ಯೆ ಹೋಗಿತ್ತು. ಪಾತ್ರೆಯ ಮೇಲೆ ಬಾಗಿ ಇವರು ಕಾಯುತ್ತಿದ್ದದ್ದು ಅದನ್ನೇ. ಅಷ್ಟೊಂದು ಡಬ್ಬಿ ಯಾಕೆ ತಂದಿರಿ ಎಂದರೆ, ಯಾವುದಾದರೂ ಒಂದು ಘಾಟು ಒಳಗೆ ನುಗ್ಗಬಹುದು ಎಂದು ನೋಡಿದೆ, ಎಷ್ಟು ಘಾಟಿನದನ್ನು ತಂದರೂ ಗಂಟಲು ಉರಿಯುವುದಷ್ಟೇ ತಿಳಿಯಿತು ಎಂದರು.

"ಹಾಗಾದ್ರೆ ನನ್ನ ಯಾಕೆ ಅಂಗಡಿಗೆ ಕರ್ಕೊಂಡು ಹೋದ್ರಿ?"

ಇವರು ಕಿಟಕಿಯ ಬಲೆಯನ್ನು ನೋಡಿದರು. ಒಂದೇ ತಂಬಾಕನ್ನು ಎರಡು ಜಾಡಿಯಲ್ಲಿ ಹಾಕಿಡಲು ತಂಬಾಕಿನವರಿಗೆ ಹೇಳಿದ್ದು ಇವರೇ. ಯಾಕೆಂದು ಆ ಪಾಪದ ಮನುಷ್ಯನಿಗೂ ಹೇಳಿರಲಿಲ್ಲ. ಅಲ್ಲಿ ಆರಿಸಬೇಕಾಗಿದ್ದದ್ದು ತಂಬಾಕನ್ನಲ್ಲ, ಮೂಗನ್ನು. ಸರಿಯಾದ ಮೂಗು ಸಿಕ್ಕರೆ ಮಾತ್ರ ಮೇಷ್ಟ್ರ ಪಿಟೀಲಿಗೆ ಬಣ್ಣ, ಇಲ್ಲವಾದರೆ ಅಂಗಡಿ ಮುಚ್ಚಿ ಬೇರೆಯವರ ಕೈಕೆಳಗೆ ಕೆಲಸ ಎಂದು ತೀರ್ಮಾನ ಮಾಡಿಕೊಂಡಿದ್ದರಂತೆ.

ಆಗ ನನಗೆ ನಿಜವಾಗಿಯೂ ಸಿಟ್ಟು ಬಂತು. ದನ ಕೊಳ್ಳುವವರು ಹಲ್ಲು ಬಿಡಿಸಿ ನೋಡುವ ಹಾಗೆ ಕಟ್ಟಿಕೊಂಡವಳನ್ನು ಅಂಗಡಿಯಲ್ಲಿ ಕೂರಿಸಿ ಪರೀಕ್ಷೆ ಮಾಡುವುದೇ? ನಾನು ಇಲ್ಲಿ ನಿಮ್ಮ ತಲೆ ಕೆಟ್ಟಿತೆಂದು ಸಾಯುತ್ತಿದ್ದರೆ ನೀವು ಜಾಡಿ ಜೋಡಿಸುತ್ತಿದ್ದಿರೇ? ಬಾಯಿಬಿಟ್ಟು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೂಗಾಡಿದೆ.

"ಕೇಳಿದ್ರೆ ಹೇಳ್ಬೇಕಾಗ್ತಿತ್ತಲ್ಲ" ಎಂದರು ಇವರು.

ನಾನೂ ಕೇಳಿರಲಿಲ್ಲ. ನಾನೂ ಡಬ್ಬಿ ಬದಲಾಯಿಸಿದ್ದೆ. ಒಂದೇ ಮನೆಯಲ್ಲಿ ಕೂತು ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷೆ ಮಾಡುತ್ತಿದ್ದೆವು, ಇಬ್ಬರೂ ಉತ್ತರವನ್ನು ತಪ್ಪಾಗಿ ಓದಿಕೊಳ್ಳುತ್ತಿದ್ದೆವು. ಬಗ್ಗಿ ನೆಲದಿಂದ ಕೂದಲ ಗಂಟು ಎತ್ತಿಕೊಂಡೆ.

ಪಾತ್ರೆ ತಣಿದ ಮೇಲೆ ಇವರು ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು, ಬೆರಳಿಂದ ಒತ್ತಿ ಮೇಲಕ್ಕೆ ಎಳೆದರು. ಹದ ಸರಿಯಾಗಿದ್ದರೆ ನೂಲಿನ ಹಾಗೆ ಎಳೆ ಬರಬೇಕು. ಎಳೆ ಬಂತು, ಇವರ ಬೆರಳಿನಿಂದ ಗಾಜಿನವರೆಗೆ ಹೊಂಬಣ್ಣವಾಗಿ ನಿಂತು, ಬಹಳ ಹೊತ್ತಾದ ಮೇಲೆ ಕಡಿಯಿತು. ನಾನು ಕಹಿ ಎಳೆ ಬಂದಮೇಲೆ ಹೇಳಿದೆ, ಸ್ವಲ್ಪ ತಡವಾಯಿತೇನೋ ಎಂದೆ. ಅಪ್ಪನೂ ಆ ಕಹಿಗೆ ಕಾಯುತ್ತಿದ್ದರು, ನಾನೇ ಸ್ವಲ್ಪ ಮೊದಲು ಇಳಿಸುತ್ತಿದ್ದೆ ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರ ಪಿಟೀಲಿಗೆ ಮೊದಲ ಕೈ ಬಳಿದಾಗ ಅದರ ಬಿಳಿಚು ಹೋಯಿತು.

ನಾದಿನಿಗೆ ಫೋನ್ ಮಾಡಿ ವಿಷಯ ಹೇಳಿದೆ. ತಲೆಯ ಡಾಕ್ಟರು ಬೇಡ ಎಂದು ಹೇಳುವಾಗ ಅವಳೂ ನನ್ನ ಹಾಗೆಯೇ ಮೊದಲು ನಕ್ಕು, ಆಮೇಲೆ, ಹಾಗಾದರೆ ಅಣ್ಣ ವಾರ್ನಿಷ್ ಹೇಗೆ ಕಾಯಿಸುತ್ತಾನೆ ಎಂದಳು.

ಆ ಸಂಜೆ ಇವರು ಪೈಪು ಹಿಡಿದು ಮೆಟ್ಟಿಲ ಮೇಲೆ ಕೂತರು, ಆದರೆ ಡಬ್ಬಿ ತರಲಿಲ್ಲ. ಯಾವುದಾದರೇನು, ಎಲ್ಲ ಒಂದೇ ಎಂದರು. ಕಪಾಟಿನಲ್ಲಿ ಹಸಿರು, ಕೆಂಪು, ಪೊಟ್ಟಣ, ಹಲಗೆ, ಎಲ್ಲ ಸಾಲಾಗಿ ಕೂತಿದ್ದವು. ಇನ್ನು ಈ ಮನೆಯಲ್ಲಿ ಮೂಗಿರುವುದು ನನಗೊಬ್ಬಳಿಗೇ ಆದ್ದರಿಂದ ಆರಿಸುವ ಹಕ್ಕೂ ನನ್ನದೇ. ಹಸಿರು ಡಬ್ಬಿಗೂ ಅಂಗಡಿಯ ಆ ಒಣಹುಲ್ಲಿನ ವಾಸನೆಯೇ ಇತ್ತು, ನನಗೆ ಇಷ್ಟವಾಗಿತ್ತು. ಅದರ ಮೇಲೆ ಕೈ ಹೋಗಿತ್ತು ಕೂಡ. ಕೊನೆಗೆ ಚೆರ್ರಿಯ ಡಬ್ಬಿಯಿಂದ ಉಳಿದ ನರಿಯನ್ನು ಹಳೆಯ ಕಂದು ಡಬ್ಬಿಗೆ ಸುರಿದು ತಂದು ಇವರ ಪಕ್ಕದಲ್ಲಿಟ್ಟೆ.

ಇವರು ಮುಚ್ಚಳದ ನರಿಯನ್ನು ನೋಡಿದರು. ಪೈಪು ತುಂಬಿ, ಹೆಬ್ಬೆರಳಿಂದ ಒತ್ತಿ, ಹಚ್ಚಿದರು. ಹೊಗೆ ನನ್ನ ಕಡೆಗೇ ಬಂತು. ಇವರು ನನ್ನ ಮುಖವನ್ನೇ ನೋಡುತ್ತಿದ್ದರು, ಬೆಳಿಗ್ಗೆ ಶೆಡ್ಡಿನಲ್ಲಿ ನಾನು ಇವರ ಮುಖ ನೋಡಿದ ಹಾಗೆ.

"ಹೇಗಿದೆ?" ಎಂದರು.

"ಸತ್ತ ನರಿ ಹಾಗೇ ಇದೆ" ಎಂದೆ.

"ಹಾಗಾದ್ರೆ ಸರಿಯಾಗೇ ಇದೆ" ಎಂದು ಇವರು ಗೋಡೆಗೆ ಒರಗಿ ಕೂತರು. ನಾನೂ ಅಡುಗೆಮನೆಗೆ ಹೋಗದೆ ಕೆಳಗಿನ ಮೆಟ್ಟಿಲ ಮೇಲೆ ಕೂತೆ.